ಕೋಶದ ಹೊರಗೆ ನಿಂತ ಬಡಗಿ

ಮರಗೆಲಸದ ಮಾತುಗಳನ್ನು ನಿಘಂಟಿಗೆ ಸೇರಿಸಬೇಕೆಂದೊಡನೆ ನಮ್ಮ ಪಂಡಿತವರ್ಗದಿಂದ ಹೊರಡುವ ಆಕ್ಷೇಪಣೆ ಒಂದೇ: “ಇದಕ್ಕೆ ಗ್ರಂಥಪ್ರಯೋಗವೆಲ್ಲಿದೆ?” ಶಬ್ದವು ಯಾವನಾದರೊಬ್ಬ ಕವಿಯ ಪದ್ಯದಲ್ಲಿ ಸಿಕ್ಕರೆ ಅದು ಶಬ್ದ, ತಲೆಮಾರುಗಳ ಕಾಲ ಬಡಗಿಗಳ ಬಾಯಲ್ಲಿ ಬಾಳಿಬಂದರೆ ಅದು ಗ್ರಾಮ್ಯ! ಈ ನ್ಯಾಯವು ಒಪ್ಪತಕ್ಕುದಲ್ಲ.

ಉಳಿ, ಬಾಚಿ, ಗರಗಸಗಳು ಕೋಶಗಳಲ್ಲಿಲ್ಲವೆಂದು ನಾವು ಹೇಳುವುದಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶದಿಂದ ಹಿಡಿದು ಸಾಹಿತ್ಯ ಪರಿಷತ್ತಿನ 8 ಸಂಪುಟಗಳವರೆಗೆ ಇಂಥ ಹೆಸರುಗಳು ದೊರೆಯುತ್ತವೆ. ಕೊರತೆಯಿರುವುದು ಹೆಸರಿನ ಒಳಗೆ. ಮರವನ್ನು ಹೆರೆದು ನುಣುಪು ಮಾಡುವ ಸಾಧನಕ್ಕೆ ಹತ್ತರಿ, ತೋಪಡ, ಕೀಸುಳಿ, ಉಜ್ಜುಗೊರಡು ಎಂದು ಹಲವು ಹೆಸರುಗಳು. ಪಾರಸಿಯಿಂದ ಬಂದ ರಂದಾ ಬೇರೆ. ಇವೆಲ್ಲ ಒಂದೇ ವಸ್ತುವೇ? ಉದ್ದನೆಯದು ಯಾವುದು, ಗಿಡ್ಡದು ಯಾವುದು? ಯಾವ ಸೀಮೆಯಲ್ಲಿ ಯಾವುದು ಬಳಕೆ? “ಬಡಗಿಯ ಒಂದು ಉಪಕರಣ” ಎಂದಷ್ಟೇ ಬರೆದರೆ ಅರ್ಥ ಹೇಳಿದಂತಾಗಲಿಲ್ಲ. ವೈದ್ಯನು ಪ್ರತಿಯೊಂದು ಔಷಧಿಗೂ “ಒಂದು ಬೇರು” ಎಂದು ಚೀಟಿ ಅಂಟಿಸಿದರೆ ರೋಗಿಯ ಗತಿಯೇನು?

ಕ್ರಿಯಾಪದಗಳ ಪಾಡಂತೂ ಇನ್ನೂ ಕನಿಷ್ಠ. ಹಸಿಹಲಗೆ ಒಣಗುತ್ತ ಬಾಗಿದರೆ ಬಡಗಿಯು “ಬೆಂಡಾಯಿತು” ಎನ್ನುವನು. ಇದು ಇಂಗ್ಲಿಷಿನಿಂದ ಬಂದ ಬೆಂಡು. ಬಳಲಿ ಬೆಂಡಾಗುವ ನಮ್ಮ ಹಳೆಯ ಬೆಂಡು ಹಗುರವಾದ ತಿರುಳು. ಆ ಹಳೆಯ ಅರ್ಥವನ್ನೇ ನಂಬಿದವನು ಹಲಗೆ ಟೊಳ್ಳಾಯಿತೆಂದು ತಿಳಿದು ಒಳ್ಳೆಯ ಬಾಗಿಲನ್ನು ಒಲೆಗಿಟ್ಟಾನು!

ಈ ಉದಾಸೀನಕ್ಕೆ ದೊಡ್ಡ ಪೂರ್ವಜನೊಬ್ಬನುಂಟು. 1755ರ ಇಂಗ್ಲಿಷ್ ಕೋಶದ ಪೀಠಿಕೆಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನನು, ಗಣಿಗಳಿಗಿಳಿದು, ಕುಶಲಕರ್ಮಿಗಳ ಅಂಗಡಿಗಳನ್ನು ಹೊಕ್ಕು, ಪುಸ್ತಕಗಳಲ್ಲಿ ಕಾಣದ ಮಾತುಗಳನ್ನು ಕೂಡಿಸಲು ತನ್ನಿಂದಾಗಲಿಲ್ಲವೆಂದು ಹೇಳಿಕೊಂಡನು. ಆದರೂ ಅವನ ಕೋಶಕ್ಕೆ ಬಡಗಿಯ ಮಾತುಗಳು ಬಂದು ಸೇರಿದುವು. ಹೇಗೆಂದರೆ, ಜೋಸೆಫ್ ಮಾಕ್ಸನ್ ಎಂಬ ಮುದ್ರಕನು 1678ರ ಸುಮಾರಿಗೇ ಕಮ್ಮಾರರ, ಬಡಗಿಗಳ ಕೆಲಸಗಳನ್ನು ಕಂತುಕಂತಾಗಿ ಅಚ್ಚುಹಾಕಿ, ಅವರ ಮಾತುಗಳಿಗೆ ವಿವರಣೆಯನ್ನೂ ಕೊಟ್ಟಿದ್ದನು. ಜಾನ್ಸನ್ನನು ಅದನ್ನೇ ಪ್ರಮಾಣವಾಗಿ ಉದಾಹರಿಸಿದನು. ಗ್ರಂಥಪ್ರಯೋಗವಿಲ್ಲದಿದ್ದರೆ ಗ್ರಂಥವನ್ನೇ ಬರೆಯಬಹುದಷ್ಟೆ!

ಅಷ್ಟು ದೂರವೇಕೆ? ನೆರೆಯ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಬೇಸಾಯದ ಮಾತುಗಳನ್ನು ಬೇಸಾಯಗಾರರಿಂದಲೇ ಕೂಡಿಸಿ 1962ರಲ್ಲಿ ವೃತ್ತಿಪದಕೋಶದ ಮೊದಲ ಸಂಪುಟವನ್ನು ಹೊರತಂದರು. ಊರಿಂದೂರಿಗೆ ಮಾತು ಬೇರೆ, ಯಾವುದನ್ನು ಶಿಷ್ಟವೆನ್ನೋಣ ಎಂಬ ತೊಡಕು ಅವರಿಗೂ ಇದ್ದಿತು. ಊರಿನ ಹೆಸರನ್ನು ಪಕ್ಕದಲ್ಲಿ ಬರೆದರೆ ಆ ತೊಡಕೇ ಸಂಪತ್ತಾಗುತ್ತದೆ.

ಕಾಲವಾದರೋ ಕಾಯುವುದಿಲ್ಲ. ಗಾಡಿಗೆ ರಬ್ಬರಿನ ಚಕ್ರ ಬಂದಮೇಲೆ ಮರದ ಚಕ್ರ ಕಟ್ಟಬಲ್ಲವರು ವಿರಳವಾದರು. ಕಡಾಣಿಯೆಂದರೇನೆಂದು ನಮ್ಮ ಮಕ್ಕಳನ್ನು ಕೇಳಿ ನೋಡಿರಿ. ಆದುದರಿಂದ ನಮ್ಮ ಸಂಘವು ಈ ವರ್ಷ ಒಂದು ಕವಿಗೋಷ್ಠಿಯನ್ನು ಕಡಮೆ ಮಾಡಿ, ಆ ಹಣದಲ್ಲಿ ಇಬ್ಬರನ್ನು ತಾಲ್ಲೂಕುಗಳ ಮರಗೆಲಸದ ಕೊಟ್ಟಿಗೆಗಳಿಗೆ ಕಳುಹಿಸಲಿ. ಕವಿಗಳು ಮುನಿಯಲಾರರೆಂದು ನಂಬಿದ್ದೇವೆ. ಹೋಗುವವರು ಮಾತನ್ನು ಹೇಳಿದವರ ಉಚ್ಚಾರದಲ್ಲಿಯೇ ಬರೆದುಕೊಳ್ಳಲಿ, ಪಂಡಿತರ ತಿದ್ದುಪಡಿ ಬೇಡ. ಚಿತ್ರ ಬರೆಯಲು ಬಾರದವರು ಉಪಕರಣವನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದರೂ ಸಾಕು.