ಲಾಗ್‌ಔಟ್ ಹೊತ್ತು ಕೇಳುವುದು ಮೈಗಳ್ಳತನವಲ್ಲ

ಐ.ಟಿ. ನೌಕರರು ತಮ್ಮ ದುಡಿಮೆಗೊಂದು ಹೊತ್ತುಗೊತ್ತು ಇರಲಿ ಎಂದಾಗಲೆಲ್ಲ ನಾಲ್ಕು ಆಕ್ಷೇಪಗಳು ಏಳುತ್ತವೆ. ಬೆಂಗಳೂರಿನ ಉದ್ಯಮಿಗಳ ಸಭೆಗಳಲ್ಲಷ್ಟೇ ಅಲ್ಲ, ಕಲಬುರಗಿಯ ಸೇಡಂ ರಸ್ತೆಯ ಮನೆಗಳಲ್ಲೂ ಅವು ಕೇಳಿಸುತ್ತವೆ. ಒಂದೊಂದನ್ನೂ ಎದುರಿಸೋಣ.

1. "ಮನ್ಯಾಗ ಕುಂತು ಪಗಾರ ತೊಗೋತಾರ, ಅವರಿಗೇನು ತ್ರಾಸರೀ?"

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿದವರಿಗೆ ಅನುಕೂಲವಾದದ್ದು ನಿಜ. ಬೆಂಗಳೂರಿನ ಬಾಡಿಗೆ ಉಳಿಯಿತು, ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿತು, ವಯಸ್ಸಾದ ಅಪ್ಪ ಅವ್ವ ಕಣ್ಣೆದುರಿಗೆ ಸಿಕ್ಕರು. ಆದರೆ ಹಾಗೆ ಉಳಿದ ಹೊತ್ತು ನೌಕರರದು, ಕಂಪನಿಯದಲ್ಲ. ಆಫೀಸಿಗೆ ಹೋಗುವವರು ಸಂಜೆ ಗೇಟು ದಾಟಿ ಬರುತ್ತಾರೆ. ಮನೆಯಿಂದ ದುಡಿಯುವವರಿಗೆ ಆ ಗೇಟೂ ಇಲ್ಲ. ಅಮೆರಿಕದ ಗ್ರಾಹಕರು ಕೆಲಸ ಶುರುಮಾಡುವಾಗ ಇಲ್ಲಿ ರಾತ್ರಿ ಊಟದ ಸಮಯ. ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಗಂಡಸರು ಕೊಡುವುದು 88 ನಿಮಿಷ. ಕೊನೆಯಿಲ್ಲದ ಮೀಟಿಂಗ್ ಈ 289 ನಿಮಿಷಗಳ ಮೇಲೆ ಬಂದು ಕೂರುತ್ತದೆ.

2. "ದೇಶ ಕಟ್ಟಬೇಕಾದರೆ ವಾರಕ್ಕೆ 70 ಗಂಟೆ ದುಡಿಯಬೇಕು"

2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿ ಯುವಜನರಿಗೆ ಹೇಳಿದ ಮಾತಿದು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತು 90 ಗಂಟೆಗೆ ಏರಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಹೊರತಂದ ಅಧ್ಯಯನ ಬೇರೆಯೇ ಲೆಕ್ಕ ಹೇಳುತ್ತದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಅತಿದುಡಿಮೆಗೆ ಜಗತ್ತಿನಲ್ಲಿ ಬಲಿಯಾದವರು ಸುಮಾರು 7.45 ಲಕ್ಷ ಮಂದಿ. ದುಡಿಯುವ ವಯಸ್ಸಿನವರನ್ನು ಹಾಸಿಗೆ ಹಿಡಿಸಿ ಯಾವ ದೇಶವೂ ಮೇಲೇಳದು.

3. "ಕಾನೂನು ಸಡಿಲಿಸದಿದ್ದರೆ ಕಂಪನಿಗಳು ಹೋಗುತ್ತವೆ"

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ಓವರ್‌ಟೈಮ್ ಸೇರಿ 10 ಗಂಟೆ, ಮೂರು ತಿಂಗಳಿಗೆ 50 ಗಂಟೆ ಓವರ್‌ಟೈಮ್ ಎಂಬ ಮಿತಿ ಹಾಕಿತು. ಬೆಂಗಳೂರು ಐ.ಟಿ. ನಗರವಾಗಿ ಬೆಳೆದದ್ದು ಇದೇ ಕಾಯ್ದೆ ಇರುವಾಗ. ಆದರೂ 2024ರ ಜುಲೈಯಲ್ಲಿ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂತು. 2025ರಲ್ಲಿ 12 ಗಂಟೆ ಮತ್ತು ಮೂರು ತಿಂಗಳಿಗೆ 144 ಗಂಟೆ ಓವರ್‌ಟೈಮ್ ಎಂಬ ಪ್ರಸ್ತಾವ. ಐ.ಟಿ. ನೌಕರರ ಸಂಘ ಕಿಟು ಎರಡನ್ನೂ ವಿರೋಧಿಸಿತು. ಮೂರು ಪಾಳಿಯ ಕೆಲಸ ಎರಡು ಪಾಳಿಗೆ ಇಳಿದರೆ ಮೂರರಲ್ಲಿ ಒಬ್ಬರ ಕೆಲಸ ಹೋಗುತ್ತದೆ ಎಂಬ ಅದರ ವಾದ ಸರಳ ಗಣಿತ. ಪಿಡಿಎ ಕಾಲೇಜಿನಂಥ ಕಲಬುರಗಿಯ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಮಕ್ಕಳಿಗೆ ಬೇಕಿರುವುದು ಆ ಮೂರನೆಯ ಪಾಳಿ. ಕೆಲಸದ ವೇಳೆಯನ್ನು ಮನುಷ್ಯರಿಗೆ ತಕ್ಕಂತೆ ಹೊಂದಿಸಲು ಬರುತ್ತದೆ ಎಂಬುದು ನಮ್ಮ ಭಾಗಕ್ಕೆ ಹೊಸದೂ ಅಲ್ಲ: ಬೇಸಿಗೆಯ ಬಿಸಿಲಿಗೆಂದೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತ ಬಂದಿವೆ.

4. "ಕಾಯಕದ ನಾಡಿನವರು ಗಡಿಯಾರ ನೋಡಬಾರದು"

ಶರಣರ ಹೆಸರನ್ನು ಇಲ್ಲಿಗೆ ಎಳೆದು ತರುವುದು ಅನ್ಯಾಯ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ತಿರುಗಿ ಕಳಿಸಿದಳು. ಕಾಯಕಕ್ಕೆ ಶ್ರದ್ಧೆ ಎಷ್ಟು ಮುಖ್ಯವೋ ಮಿತಿಯೂ ಅಷ್ಟೇ ಮುಖ್ಯ ಎಂದವಳು ಈ ಕಲ್ಯಾಣದ ನೆಲದ ಶರಣೆ.

ನಾವು ಕೇಳುತ್ತಿರುವುದು ಮೂರೇ: ಕೆಲಸ ಮುಗಿಯುವ ಹೊತ್ತು ನೇಮಕಾತಿ ಪತ್ರದಲ್ಲೇ ಬರೆದಿರಲಿ, ಆಮೇಲಿನ ಕರೆ ಎತ್ತದಿದ್ದರೆ ಅಪ್ರೈಸಲ್‌ಗೆ ಪೆಟ್ಟು ಬೀಳದಿರಲಿ, ಹೆಚ್ಚುವರಿ ಗಂಟೆಗೆ ಕಾಯ್ದೆ ಹೇಳುವ ದುಪ್ಪಟ್ಟು ವೇತನ ಸಿಗಲಿ. ಕೆಲಸದ ಹೊತ್ತಿನಾಚೆ ಸಂಪರ್ಕದಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನಾಗಿ ತಂದವು. ಐ.ಟಿ.ಯಿಂದ ಹೆಸರು ಗಳಿಸಿದ ಕರ್ನಾಟಕ, ಆ ಹೆಸರು ತಂದುಕೊಟ್ಟವರಿಗೆ ಇಷ್ಟನ್ನು ಕೊಡಲೇಬೇಕು.