ಚಾರಣಕ್ಕೆ ತಾರೀಕು ಇದೆ, ಊರಿಗೆ ಇಲ್ಲ

ಕುದುರೆಮುಖ ಸರಣಿ, ಭಾಗ 3. ಆರು ಫೋಟೊ, ಆರು ಕ್ಯಾಪ್ಶನ್. ಉದ್ದ ಇದೆ, ಸೇವ್ ಮಾಡ್ಕೊಂಡು ರಾತ್ರಿ ಓದಿ.

1/6
ಈ ಗುಡ್ಡ ನಿಮಗೆಲ್ಲ ಗೊತ್ತಿರೋದೇ. ನಮ್ಮ ಕ್ಲಾಸಿನ ಅರ್ಧ ಜನರ ಪ್ರೊಫೈಲಲ್ಲಿ ಇದೇ ಹಸಿರು, ಇದೇ ಮಂಜು. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆ ಥರ ನುಗ್ಗಿದ್ರಲ್ಲ, ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಬಂತು. ಒಳ್ಳೇದೇ ಆಯ್ತು, ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ಪ್ರಶ್ನೆ ಬೇರೆ. ಬೆಂಗಳೂರಿಂದ ಬಂದವರಿಗೆ ತಾರೀಕು, ಸಮಯ, ರಸೀದಿ ಎಲ್ಲ ಮೊಬೈಲಲ್ಲೇ ಸಿಗುತ್ತೆ. ಪಾರ್ಕ್ ಒಳಗೇ ಮನೆ ಇರೋರಿಗೆ ಮಾತ್ರ "ನೀವು ಇಲ್ಲೇ ಇರ್ತೀರೋ, ಹೋಗಬೇಕೋ, ಹೋಗೋದಾದ್ರೆ ಯಾವಾಗ" ಅಂತ ಹೇಳೋರು ಇವತ್ತಿಗೂ ಇಲ್ಲ. ಕಾಡು ಬೇಕೋ ಜನ ಬೇಕೋ ಅನ್ನೋ ಹಳೇ ಜಗಳ ಬೇಡ. ಯಾವುದೋ ಒಂದು ತೀರ್ಮಾನ ಮಾಡಿ, ಅದಕ್ಕೊಂದು ತಾರೀಕು ಹಾಕಿ ಅನ್ನೋದಷ್ಟೇ ನನ್ನ ವಾದ.

2/6
ಸ್ವಲ್ಪ ಹಿನ್ನೆಲೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಸುಮಾರು 600 ಚದರ ಕಿಲೋಮೀಟರ್. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗೆ ಹಬ್ಬಿದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಇಲ್ಲಿನ ಗಂಗಾಮೂಲದಲ್ಲಿ. ಶಿವಮೊಗ್ಗದವರು, ಭದ್ರಾವತಿಯವರು, ಮಂಗಳೂರಿನವರು ಕುಡಿಯೋ ನೀರಿನ ಬೇರು ಇಲ್ಲಿದೆ. ಸಿಂಗಳೀಕಗಳು ಇರೋ ಕಾಡು ಇದು. ಹಾಗಾಗಿ ಪಾರ್ಕೇ ಬೇಡ ಅನ್ನೋರ ಜೊತೆ ನಾನಿಲ್ಲ.

1987ರಲ್ಲಿ ಉದ್ಯಾನದ ಮೊದಲ ಅಧಿಸೂಚನೆ ಬಂತು, 2001ರಲ್ಲಿ ಅಂತಿಮ ಅಧಿಸೂಚನೆ. ಆದರೆ ಅದೇ ಕಾಡಿನ ನಡುವೆ 1976ರಲ್ಲಿ ಶುರುವಾದ ಸರ್ಕಾರಿ ಕಂಪನಿ ಗುಡ್ಡ ಅಗೆದು, ಕಬ್ಬಿಣದ ಅದಿರನ್ನು ನೀರಿನ ಜೊತೆ ಕಲಸಿ, 67 ಕಿಲೋಮೀಟರ್ ಪೈಪಲ್ಲಿ ಮಂಗಳೂರಿಗೆ ಕಳಿಸ್ತಾ ಇತ್ತು. ಪರಿಸರದವರು ಕೋರ್ಟಿಗೆ ಹೋದರು. 2002ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಗಮನಿಸಿ, ಅಷ್ಟು ದೊಡ್ಡ ಕಂಪನಿಗೂ ಒಂದು ಕೊನೇ ದಿನ ಇತ್ತು. ಅದು ಲೆಕ್ಕಾಚಾರ ಹಾಕಿಕೊಂಡು ಹೊರಡೋಕೆ ಮೂರು ವರ್ಷ ಸಿಕ್ತು. ಒಳಗಿನ ಹಳ್ಳಿಗಳಿಗೆ ಅಂಥ ಒಂದು ದಿನ ಯಾವತ್ತೂ ಬರಲಿಲ್ಲ.

3/6
ನಮ್ಮ ಅಜ್ಜಿಮನೆ ಪಾರ್ಕ್ ಒಳಗಿನ ಒಂದು ಹಳ್ಳಿ. ಹೆಸರು ಹಾಕಲ್ಲ, ಮಾವನಿಗೆ ತೊಂದರೆ ಆಗೋದು ಬೇಡ. ಪರಿಹಾರ ತಗೊಂಡು ಹೋಗ್ತೀನಿ ಅಂತ ಮಾವ ಅರ್ಜಿ ಕೊಟ್ಟು ಎಷ್ಟೋ ಮಳೆಗಾಲ ಆಯ್ತು. ಕೇಳಿದಾಗೆಲ್ಲ "ಫೈಲು ಮೇಲೆ ಹೋಗಿದೆ" ಅಂತಾರೆ. ಮೇಲೆ ಅಂದ್ರೆ ಎಲ್ಲಿ ಅಂತ ಕೇಳೋ ಹಾಗಿಲ್ಲ.

ನಾವು ಬಿಕಾಂನಲ್ಲಿ ಮೊದಲ ಸೆಮಿಸ್ಟರಿಗೇ ಓದೋ ಮಾತೊಂದಿದೆ, ಗೋಯಿಂಗ್ ಕನ್ಸರ್ನ್. ಅಂಗಡಿ ಮುಂದೆಯೂ ನಡೆಯುತ್ತೆ ಅಂದುಕೊಂಡು ಲೆಕ್ಕ ಬರೆಯೋದು ಒಂದು ರೀತಿ. ಮುಚ್ತೀವಿ ಅಂತಾದ್ರೆ ಬೇರೆ ರೀತಿ, ಆಸ್ತಿ ಮಾರಿ ಸಾಲ ತೀರಿಸಿ ಬಾಗಿಲು ಹಾಕೋದು. ಎರಡರ ನಡುವೆ ಮೂರನೇದು ಇಲ್ಲ. ಆದರೆ ನಮ್ಮ ಅಜ್ಜಿಮನೆಯಂಥ ಊರುಗಳು ಇರೋದೇ ಆ ಮೂರನೇ ಜಾಗದಲ್ಲಿ.

ಅದರ ಪರಿಣಾಮ ನೋಡಿ. ಅಡಿಕೆ ಸಸಿ ಇಟ್ಟರೆ ಫಲಕ್ಕೆ ಐದಾರು ವರ್ಷ ಕಾಯಬೇಕು. ನಾಳೆ ಇಲ್ಲಿ ಇರ್ತೀವೋ ಇಲ್ವೋ ಗೊತ್ತಿಲ್ಲದವರು ಯಾಕೆ ಸಸಿ ಇಡ್ತಾರೆ? ಹಳೇ ಮರ ಬಿದ್ದರೆ ಆ ಗುಣಿ ಖಾಲಿಯೇ ಉಳಿಯುತ್ತೆ. ಮನೆಗೆ ಹೊಸ ಹೆಂಚು ಹಾಕಿಸಲ್ಲ. ಆ ಊರಿಗೆ ಹೆಣ್ಣು ಕೊಡೋಕೆ ಹಿಂದೆಮುಂದೆ ನೋಡ್ತಾರೆ.

4/6
ಈಗ ದುಡ್ಡಿನ ಲೆಕ್ಕ. ಪರಿಹಾರ ಕಟ್ಟೋದು ಮನೆ, ಜಮೀನು, ಮರ ಎಣಿಸಿ. ಕಾಯ್ತಾ ಕಾಯ್ತಾ ತೋಟ ಹಾಳಾದ್ರೆ ಎಣಿಸೋ ಮರವೂ ಕಮ್ಮಿ. ಅಂದ್ರೆ ತಡ ಮಾಡಿದ್ದು ಯಾರೋ, ಕಳಕೊಳ್ಳೋರು ಇನ್ಯಾರೋ.

ಟೈಮ್ ವ್ಯಾಲ್ಯೂ ಆಫ್ ಮನಿ ನೆನಪಿದೆಯಲ್ಲ? ಒಂದು ಉದಾಹರಣೆ ಹಾಕ್ತೀನಿ, ಇದು ಯಾರ ಮನೆ ಫೈಲೂ ಅಲ್ಲ. ಇವತ್ತು 10 ಲಕ್ಷ ಅಂತ ನಿಗದಿ ಮಾಡಿ, ಹತ್ತು ವರ್ಷ ಬಿಟ್ಟು ಅದೇ 10 ಲಕ್ಷ ಕೊಟ್ಟರು ಅಂತಿಟ್ಟುಕೊಳ್ಳಿ. ಬೆಲೆ ವರ್ಷಕ್ಕೆ ಶೇಕಡ 6ರಷ್ಟು ಏರಿದರೆ ಆ ದುಡ್ಡಿನ ಬೆಲೆ ಇವತ್ತಿನ ಲೆಕ್ಕದಲ್ಲಿ 5.58 ಲಕ್ಷ. ಹತ್ತಿರ ಹತ್ತಿರ ಅರ್ಧ. ಪೇಟೆ ಬದಿಯ ಜಾಗದ ಬೆಲೆ ಅದಕ್ಕಿಂತ ಜೋರಾಗಿ ಏರಿರುತ್ತೆ ಅನ್ನೋದನ್ನ ಇಲ್ಲಿ ಸೇರಿಸೇ ಇಲ್ಲ. ಕಂತು ಕಂತಾಗಿ ಕೊಟ್ಟರಂತೂ ಮೊದಲ ಕಂತು ಬಾಡಿಗೆ ಮನೆಗೇ ಹೋಗುತ್ತೆ, ಜಮೀನು ಕೊಳ್ಳೋದು ದೂರದ ಮಾತು.

ಅದಕ್ಕೇ ನಾನು ಹೇಳೋದು, ಹೋಗ್ತೀವಿ ಅಂತ ಬರೆದುಕೊಟ್ಟವರಿಗೆ ಇವತ್ತಿನ ದರದಲ್ಲಿ ಮತ್ತೆ ಲೆಕ್ಕ ಹಾಕಿ, ಒಂದೇ ಸಲ ಕೊಡಿ. ತಡವಾದರೆ ಬಡ್ಡಿ ಸೇರಿಸಿ. ನಾವು ಕಾಲೇಜು ಫೀಸು ತಡ ಮಾಡಿದ್ರೆ ದಂಡ ಕಟ್ಟಲ್ವಾ?

5/6
ಹೋದ ಭಾಗಕ್ಕೆ ಒಬ್ಬರು ಕಾಮೆಂಟ್ ಹಾಕಿದ್ರು, "ರಸ್ತೆ ಕೊಟ್ಟರೆ ಕಾಡು ಮುಗೀತು, ಹಿಂದೆನೇ ರೆಸಾರ್ಟ್ ಬರುತ್ತೆ" ಅಂತ. ಈ ಭಯ ಸುಳ್ಳಲ್ಲ. ಡಾಂಬರು ಬಂದ ಕಡೆ ಹೋಂಸ್ಟೇ ಬೋರ್ಡು ಬರೋದನ್ನ ನಾವೇ ನೋಡಿದ್ದೀವಿ. ಪ್ರತಿ ಮನೆಗೂ ಡಾಂಬರು ರಸ್ತೆ ಅಂತ ನಾನೂ ಕೇಳಲ್ಲ.

ಆದರೆ ಮಂಗಳೂರು–ಶಿವಮೊಗ್ಗ ರಾಷ್ಟ್ರೀಯ ಹೆದ್ದಾರಿ 169 ಮಾಳ, ಎಸ್.ಕೆ. ಬಾರ್ಡರ್, ಕೆರೆಕಟ್ಟೆ ಮೇಲೆ ಇದೇ ಪಾರ್ಕ್ ಸೀಳಿಕೊಂಡು ಹೋಗುತ್ತೆ. ಅಲ್ಲಿ ದಿನವಿಡೀ ಲಾರಿ, ಕಾರು. ಅಷ್ಟನ್ನು ತಡಕೊಂಡ ಕಾಡಿಗೆ ಅಜ್ಜಿಮನೆ ಹಳ್ಳದ ಮೇಲೊಂದು ಕಾಲುಸಂಕ ಭಾರ ಆಗುತ್ತಾ? ಮಳೆಗಾಲದಲ್ಲಿ ಹುಷಾರಿಲ್ಲದವರನ್ನ ಇವತ್ತಿಗೂ ಬಡಿಗೆಗೆ ಕಂಬಳಿ ಜೋಲಿ ಕಟ್ಟಿ, ಅಡಿಕೆ ಮರದ ಸಂಕ ದಾಟಿಸಿ ಹೊತ್ತುಕೊಂಡು ಬರ್ತಾರೆ.

ಕಾನೂನಲ್ಲಿ ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯ ಭೂಮಿ ಅಂದಾಗ ರಾಷ್ಟ್ರೀಯ ಉದ್ಯಾನವೂ ಅದರೊಳಗೆ ಬರುತ್ತೆ. ಅದರ ಸೆಕ್ಷನ್ 3(2)ರಲ್ಲಿ ಶಾಲೆ, ಅಂಗನವಾಡಿ, ಕುಡಿಯೋ ನೀರು, ವಿದ್ಯುತ್ ತಂತಿ, ರಸ್ತೆ ಹೀಗೆ 13 ಸೌಲಭ್ಯಗಳ ಪಟ್ಟಿ ಇದೆ. ಒಂದೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರೋ ಹಾಗಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ವನ್ಯಜೀವಿ ಕಾಯ್ದೆಯ ಅನುಮತಿ ಪ್ರಶ್ನೆ ಬೇರೆ ಬರುತ್ತೆ, ನಿಜ. ಹಾಗಿದ್ರೆ ಆಗುತ್ತೆ ಅಂತನೋ, ಆಗಲ್ಲ ಅಂತನೋ ಕಾರಣ ಸಮೇತ ಬರೆದುಕೊಡಿ. "ನೀವು ಹೇಗೂ ಹೋಗೋರಲ್ವಾ" ಅಂತ ಸಂಕ ಕೊಡದೆ, ಹೋಗೋಕೆ ದುಡ್ಡೂ ಕೊಡದೆ ಇಟ್ಟರೆ, ಅದನ್ನ ಸ್ವಯಂಪ್ರೇರಿತ ಸ್ಥಳಾಂತರ ಅಂತ ಹೇಗೆ ಕರೀತಾರೆ? ಸಾಕಾಗಿ ಹೊರಟವರು ಒಪ್ಪಿ ಹೊರಟ ಹಾಗೆ ಅಲ್ಲ.

ಇನ್ನೊಂದು. ಒಕ್ಕಲೆಬ್ಬಿಸ್ತಾರೆ ಅನ್ನೋ ಭಯದಲ್ಲೇ ಒಂದು ಕಾಲಕ್ಕೆ ನಕ್ಸಲ್ ಚಳವಳಿ ಈ ಕಾಡಲ್ಲಿ ಬೇರು ಬಿಟ್ಟಿತ್ತು. 2025ರ ಜನವರಿಯಲ್ಲಿ ಆರು ಜನ ಶರಣಾದರು, ಬಂದೂಕಿನ ಕಥೆ ಮುಗೀತು ಅಂದ್ರು. ಆ ಭಯಕ್ಕೆ ಉತ್ತರ ಮಾತ್ರ ಇನ್ನೂ ಬಾಕಿ ಇದೆ.

6/6
ನಾವೇನು ಮಾಡಬಹುದು? ರೀಲ್ಸ್ ಹಾಕೋದನ್ನ ಬಿಟ್ಟು ಒಂದು ಕೆಲಸ ಹೇಳ್ತೀನಿ.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಅಂದ್ರೆ ಊರಿನ ವಯಸ್ಕರೆಲ್ಲ. 18 ತುಂಬಿದ ನಾವೂ ಸದಸ್ಯರೇ. ನಿಯಮದ ಪ್ರಕಾರ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಊರಿನ ಹುಡುಗರು ಬೆಂಗಳೂರಲ್ಲಿ, ಹುಡುಗಿಯರು ಮಂಗಳೂರಿನ ಹಾಸ್ಟೆಲಲ್ಲಿ, ಊರಲ್ಲಿ ಉಳಿದ ಅಜ್ಜಿಯರಿಗೆ ಗುಡ್ಡ ಇಳಿದು ಬರೋಕಾಗಲ್ಲ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋದ್ರೆ ಕಡತಕ್ಕೆ ಅದೇ ಒಂದು ನೆಪ.

ಹಾಗಾಗಿ ಕಳಸ, ಸಂಸೆ, ಶೃಂಗೇರಿ, ಕಾರ್ಕಳ, ಬೆಳ್ತಂಗಡಿ ಕಡೆಯವರೇ, ಮುಂದಿನ ಸಭೆ ಯಾವಾಗ ಅಂತ ಮನೆಗೆ ಫೋನ್ ಮಾಡಿ ಕೇಳಿ. ಆ ದಿನ ಒಂದು ಕ್ಲಾಸ್ ತಪ್ಪಿದ್ರೂ ಪರವಾಗಿಲ್ಲ, ಬಸ್ ಹತ್ತಿ. ಹೋಗೋರ ಪಟ್ಟಿ ಬೇರೆ, ಇರೋರ ಪಟ್ಟಿ ಬೇರೆ ಮಾಡಿಸಿ. ಎರಡಕ್ಕೂ ಕೊನೇ ದಿನ ಯಾವುದು ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಇಸ್ಕೊಂಡು ಬನ್ನಿ.

ಬೇರೆ ಊರಿನವರು ಈ ಸಲ ಗುಡ್ಡ ಹತ್ತುವಾಗ ದಾರಿ ತೋರಿಸೋ ಗೈಡಣ್ಣನ್ನ ಒಂದು ಮಾತು ಕೇಳಿ: "ಅಣ್ಣಾ, ನಿಮ್ಮನೆ ಎಲ್ಲಿ? ಇರ್ತೀರಾ, ಹೋಗ್ತೀರಾ?" ಅವರು ಏನಂದ್ರು ಅಂತ ಕಾಮೆಂಟಲ್ಲಿ ಬರೀರಿ. ಭಾಗ 4ರಲ್ಲಿ ಅವನ್ನೇ ಹಾಕ್ತೀನಿ, ಹೆಸರು ಇಲ್ಲದೆ.

#ಕುದುರೆಮುಖ #ಮಲೆನಾಡು #ಗ್ರಾಮಸಭೆಗೆಬನ್ನಿ #ತಾರೀಕುಹೇಳಿ