ಅಲಗು ಗಟ್ಟಿಯಿರುವಾಗ ಗುಜರಿಗೇಕೆ?

ಸಿಂಧನೂರಿನ ಅಕ್ಕಿ ಗಿರಣಿಯ ಹಮಾಲರ ಮನೆಗಳಲ್ಲಿ, ಲಿಂಗಸುಗೂರು ತಾಲೂಕಿನ ಹಟ್ಟಿ ಗಣಿಯ ಕಾರ್ಮಿಕರ ಟ್ರಂಕುಗಳಲ್ಲಿ, ಮಸ್ಕಿಯ ಹಳೆಯ ಕ್ಷೌರದಂಗಡಿಗಳಲ್ಲಿ ಹುಡುಕಿದರೆ ಅಜ್ಜನ ಕಾಲದ ಮಡಿಚುವ ಕ್ಷೌರಕತ್ತಿ ಇನ್ನೂ ಸಿಕ್ಕೀತು. ಎಷ್ಟೋ ಸಲ ಅಲಗು ಗಟ್ಟಿಯಾಗಿಯೇ ಇರುತ್ತದೆ, ಒಡೆದಿರುವುದು ಹಿಡಿಕೆ. ಅಷ್ಟಕ್ಕೇ ಅದನ್ನು ಗುಜರಿಯವನ ತಕ್ಕಡಿಗೆ ಹಾಕುತ್ತೇವೆ. ಇಂಥವೇ ಕತ್ತಿಗಳು ದೊಡ್ಡ ಪಟ್ಟಣಗಳಲ್ಲಿ ಹೊಸ ಹಿಡಿಕೆ ತೊಟ್ಟು, ಶ್ರೀಮಂತರ ಷೋಕಿಯ ವಸ್ತುವಾಗಿ ಸಾವಿರಾರು ರೂಪಾಯಿಗೆ ಬಿಕರಿಯಾಗುತ್ತವೆ. ಈ ವ್ಯಾಪಾರದಲ್ಲಿ ನಮ್ಮ ಬಡಿಗನಿಗೆ ಬಂದದ್ದೇನು?

‘ರಿಪೇರಿ ಯಾರು ಮಾಡುತ್ತಾರೆ?’ ಎಂಬುದು ಎಲ್ಲರ ಬಾಯಲ್ಲಿರುವ ಸಬೂಬು. ಕೆಲಸವೇನು ದೊಡ್ಡದಲ್ಲ. ಹಳೆಯ ಮೊಳೆಯ ತಲೆಯನ್ನು ಅರದಿಂದ ಉಜ್ಜಿದರೆ ಮೊಳೆ ಹೊರಬರುತ್ತದೆ. ಹಳೆಯ ಹಿಡಿಕೆಯನ್ನೇ ಅಳತೆಗಿಟ್ಟು, ಚೆನ್ನಾಗಿ ಒಣಗಿದ ಜಾಲಿಯಿಂದಲೋ ಬೀಟೆಯಿಂದಲೋ ಮೂರು ಮಿಲಿಮೀಟರು ಮೀರದ ದಪ್ಪದ ಎರಡು ಹೋಳು ಮಾಡಬೇಕು. ಎರಡನ್ನೂ ಜೋಡಿಸಿ ಹಿಡಿದೇ ತೂತು ಕೊರೆಯಬೇಕು. ಬೇರೆ ಬೇರೆ ಕೊರೆದರೆ ಅಲಗು ಓರೆಯಾಗಿ ಕೂಡುತ್ತದೆ. ಹಿಂದಿನ ತುದಿಯಲ್ಲಿ ಎರಡರ ನಡುವೆ ಸಣ್ಣದೊಂದು ಬೆಣೆ, ಮಡಿಚಿದಾಗ ಬಾಯಿ ಮರಕ್ಕೆ ತಾಗದಂತೆ. ಆಮೇಲೆ ಹಿತ್ತಾಳೆ ತಂತಿಯ ಮೊಳೆ, ಎರಡೂ ಬದಿಗೆ ಬಿಲ್ಲೆ, ಸಣ್ಣ ಸುತ್ತಿಗೆಯ ಹಗುರವಾದ ಪೆಟ್ಟು. ಇದನ್ನು ಬಡಿಗನೂ ಪತ್ತಾರನೂ ಕೂಡಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಸಿಯಾರು. ಹಳೆಯ ಸೆಲ್ಯುಲಾಯ್ಡ್ ಹಿಡಿಕೆಯನ್ನಂತೂ ನಂಬಲೇಬೇಡಿ. ಅದು ಕೊಳೆಯುವಾಗ ಹೊಮ್ಮುವ ಆಮ್ಲದ ಆವಿ ಅಲಗಿಗೇ ತುಕ್ಕು ಹಿಡಿಸುತ್ತದೆ. ಅಲಗನ್ನು ಕರೆಂಟಿನ ಸಾಣೆ ಚಕ್ರಕ್ಕೆ ಒಡ್ಡಬೇಡಿ, ಬಿಸಿಗೆ ಉಕ್ಕಿನ ಹದ ಹೋಗುತ್ತದೆ. ಬಿರುಕು ಬಿಟ್ಟಿದ್ದರೆ ಮಾತ್ರ ಗುಜರಿಗೆ ಕಳಿಸಿ.

ಮಸ್ಕಿಯಲ್ಲಿ 1954ರಲ್ಲಿ ಭೂಮಿ ಅಗೆದಾಗ ಸಾವಿರಾರು ವರ್ಷ ಹಿಂದಿನ ಸಣ್ಣ ಕಲ್ಲಿನ ಅಲಗುಗಳು ಸಿಕ್ಕವು. ಅಂಥ ಅಲಗನ್ನು ಮರಕ್ಕೋ ಎಲುಬಿಗೋ ಸಿಕ್ಕಿಸಿ ಬಳಸುತ್ತಿದ್ದ ಕಾಲ ಅದು. ಅವರಿಗೆ ಬಂದ ವಿದ್ಯೆ ನಮಗೆ ಬಾರದೇ?

ಎಸೆಯುವ ಚಟ ನಮ್ಮದಲ್ಲ, ಕಲಿಸಿದ್ದು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬವನು 1894ರಲ್ಲಿ ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಪುಸ್ತಕ ಬರೆದು, ಪೈಪೋಟಿ ತೊಲಗಲಿ, ಉತ್ಪಾದನೆಯೆಲ್ಲ ಜನರ ಒಡೆತನಕ್ಕೆ ಬರಲಿ ಎಂದು ಸಾರಿದ. ಅದೇ ಮಹಾಶಯ ಬಳಸಿ ಬಿಸಾಡುವ ಬ್ಲೇಡಿನ ರೇಜರಿಗೆ 1904ರಲ್ಲಿ ಪೇಟೆಂಟು ಪಡೆದ! 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಆ ಕಂಪನಿಯನ್ನು 2005ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕೊಂಡಿತು. ಸಮಾಜವಾದ ಪುಸ್ತಕದಲ್ಲೇ ಉಳಿಯಿತು, ಬ್ಲೇಡು ನಮ್ಮ ಜೇಬಿಗೆ ಬಂತು.

ಹಳೆಯದೆಲ್ಲ ಚಿನ್ನವೆಂದು ನಾವು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಆಯದ ಜೋಳಕ್ಕೆ ಕ್ಷೌರಿಕನನ್ನು ದುಡಿಸಿಕೊಂಡು, ದಲಿತನ ತಲೆಗೆ ಕತ್ತಿ ಮುಟ್ಟಬಾರದೆಂದ ಊರಿನ ಕಟ್ಟಳೆ ಸುಟ್ಟು ಹೋಗಲಿ. ಅಂಗಡಿಯಲ್ಲಿ ಗಿರಾಕಿಗೊಂದು ಹೊಸ ಬ್ಲೇಡು ಹಾಕುವುದೂ ಸರಿಯೇ, ಹೆಪಟೈಟಿಸ್, ಎಚ್.ಐ.ವಿ. ರಕ್ತದಿಂದ ರಕ್ತಕ್ಕೆ ದಾಟುವ ರೋಗಗಳು. ಹಳೆಯ ಕತ್ತಿ ಮನೆಯಲ್ಲಿ ಒಬ್ಬನ ಗಡ್ಡಕ್ಕೆ ಮಾತ್ರ ಇರಲಿ. ಆದರೆ ಬ್ಲೇಡು ಸಿಕ್ಕಿಸುವ ಉಸ್ತರಾಕ್ಕೂ ಹಿಡಿಕೆ ಉಂಟಲ್ಲ! ಅದರ ಪ್ಲಾಸ್ಟಿಕ್ಕು ಒಡೆದಾಗ ಇಡೀ ಉಸ್ತರಾ ಏಕೆ ಹೊಸದು ಕೊಳ್ಳಬೇಕು?

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಪಿ.ಎಂ. ವಿಶ್ವಕರ್ಮ ಯೋಜನೆ ತಂದಿತು. ಅದರ 18 ಕಸುಬುಗಳಲ್ಲಿ ಕ್ಷೌರಿಕ, ಬಡಿಗ, ಕಮ್ಮಾರ, ಅಕ್ಕಸಾಲಿಗ ನಾಲ್ವರೂ ಇದ್ದಾರೆ. ಸಲಕರಣೆಗೆಂದು 15,000 ರೂಪಾಯಿವರೆಗೆ ವೋಚರು. ಹೊಸ ಪೆಟ್ಟಿಗೆ ಕೊಳ್ಳಲು ಹಣವುಂಟು. ಪಕ್ಕದ ಓಣಿಯ ಬಡಿಗನಿಗೆ ಹಿಡಿಕೆ ಮಾಡಿದ ಕೂಲಿ ಕೊಡಲೂ ಅದರಲ್ಲೊಂದು ಪಾಲು ಬಿಡಲಿ. ಮೂರೂ ತಾಲೂಕುಗಳ ಕ್ಷೌರಿಕ, ಬಡಿಗ ಬಂಧುಗಳು ಒಂದೇ ಅರ್ಜಿಗೆ ಸಹಿ ಹಾಕಿ ತಹಶೀಲ್ದಾರರ ಮೇಜಿನ ಮೇಲಿಡಲಿ. ಅರ್ಜಿ ಬರೆದುಕೊಡಲು ಪಕ್ಷದ ಕಚೇರಿಯಲ್ಲಿ ನಾವಿದ್ದೇವೆ. ಒಡೆದ ಹಿಡಿಕೆಯನ್ನೂ ಜೊತೆಗೆ ತನ್ನಿ.